ಅಂಟಿನ ಲೆಕ್ಕ: ಗಾಂಜಾ ಗಿಡದ ರಾಳ ಮತ್ತು ತಳಿ

ಭಂಗಿ, ಗಾಂಜಾ, ಚರಸ್ ಮೂರೂ ಒಂದೇ ಗಿಡದವು. ಮೂರನ್ನೂ ಬೇರೆ ಮಾಡುವುದು ರಾಳ. ಎಲೆಯಲ್ಲಿ ರಾಳ ಕಡಿಮೆ. ಎಲೆಯನ್ನು ಅರೆದರೆ ಭಂಗಿ. ಹೆಣ್ಣು ಗಿಡದ ಹೂಗೊಂಚಲಿನಲ್ಲಿ ರಾಳ ದಟ್ಟ. ಅದನ್ನು ಒಣಗಿಸಿದರೆ ಗಾಂಜಾ. ಹೂವಿನಿಂದ ರಾಳವನ್ನಷ್ಟೇ ಬಿಡಿಸಿ ಉಂಡೆ ಕಟ್ಟಿದರೆ ಚರಸ್. ಗಿಡದ ಮತ್ತು, ಮದ್ದು, ಬೆಲೆ, ಅಪಾಯ, ಕಡೆಗೆ ಕಾನೂನಿನ ಶಿಕ್ಷೆಯೂ ಈ ಅಂಟಿನ ಲೆಕ್ಕದಲ್ಲೇ ನಿಂತಿವೆ. ಸಾವಿರಾರು ವರ್ಷಗಳಿಂದ ಮನುಷ್ಯ ಈ ಗಿಡವನ್ನು ಆರಿಸುತ್ತ, ಬೆರೆಸುತ್ತ ಬಂದಿರುವುದು ಒಂದು ಕಡೆ ನಾರಿಗಾಗಿ, ಇನ್ನೊಂದು ಕಡೆ ರಾಳಕ್ಕಾಗಿ.

ತಾನಾಗಿ ಬೆಳೆದ ಗಿಡ, ಆರಿಸಿ ಬೆಳೆಸಿದ ಗಿಡ ಎಂಬ ಎರಡು ತುದಿಗಳನ್ನೂ ಒಂದೇ ಕಡೆ ನೋಡಬೇಕೆಂದರೆ ರಾಜಧಾನಿ ಪ್ರದೇಶಕ್ಕಿಂತ ಒಳ್ಳೆಯ ಜಾಗವಿಲ್ಲ. ದೆಹಲಿ, ನೊಯ್ಡಾ, ಗುರುಗ್ರಾಮಗಳ ಖಾಲಿ ನಿವೇಶನಗಳಲ್ಲಿ, ರೈಲು ಹಳಿಯ ಪಕ್ಕದಲ್ಲಿ, ಕಾಲುವೆಯ ದಂಡೆಯಲ್ಲಿ ಭಂಗಿ ಗಿಡ ಯಾರೂ ಬಿತ್ತದೆ ಬೆಳೆಯುತ್ತದೆ. ಅದು ಕಳೆ, ದಾರಿಹೋಕರು ತಿರುಗಿಯೂ ನೋಡುವುದಿಲ್ಲ. ದೆಹಲಿಯ ಗಾಳಿಯಲ್ಲಿ ತೇಲುವ, ಸೀನು ತರಿಸುವ ಪರಾಗಗಳ ಪಟ್ಟಿಯಲ್ಲಿ ಅದರ ಪರಾಗವೂ ಇದೆ. ಇನ್ನೊಂದು ತುದಿ ಕಂಡಿದ್ದು 2024ರ ನವೆಂಬರ್‌ನಲ್ಲಿ, ಗ್ರೇಟರ್ ನೊಯ್ಡಾದ ಒಂದು ವಸತಿ ಸಮುಚ್ಚಯದಲ್ಲಿ. ಅಲ್ಲಿನ ಫ್ಲ್ಯಾಟ್ ಒಂದರೊಳಗೆ 80ಕ್ಕೂ ಹೆಚ್ಚು ಕುಂಡಗಳಲ್ಲಿ ಕೃತಕ ಬೆಳಕಿನ ಕೆಳಗೆ ಬೆಳೆಯುತ್ತಿದ್ದ ಗಾಂಜಾ ಗಿಡಗಳನ್ನು ಪೊಲೀಸರು ವಶಪಡಿಸಿಕೊಂಡರು. ಬೀಜ ವಿದೇಶದಿಂದ ಆನ್‌ಲೈನ್ ಮೂಲಕ ಬಂದಿತ್ತು ಎಂದು ಅವರು ಹೇಳಿದರು. ಬೀದಿಯ ಕಳೆಯನ್ನೂ ಕುಂಡದ ಗಿಡವನ್ನೂ ಬಹಳಷ್ಟು ಸಸ್ಯಶಾಸ್ತ್ರಜ್ಞರು ಒಂದೇ ಜಾತಿಯೆಂದು ಎಣಿಸುತ್ತಾರೆ. ನಡುವಿನ ಅಂತರ ತಳಿಯದು.

ಅಣಬೆಯಂಥ ಗ್ರಂಥಿ

ಗಾಂಜಾ ಗಿಡಕ್ಕೆ 1753ರಲ್ಲಿ ಕ್ಯಾನಬಿಸ್ ಸಟೈವಾ ಎಂದು ಹೆಸರಿಟ್ಟವರು ಸ್ವೀಡನ್ನಿನ ಲಿನೇಯಸ್. ಭಾರತದಿಂದ ಹೋದ ಮಾದರಿಗಳನ್ನು ನೋಡಿ ಫ್ರಾನ್ಸಿನ ಲಮಾರ್ಕ್ 1785ರಲ್ಲಿ ಕ್ಯಾನಬಿಸ್ ಇಂಡಿಕಾ ಎಂಬ ಎರಡನೆಯ ಹೆಸರು ಕೊಟ್ಟರು. ಯುರೋಪಿನ ನಾರಿನ ಗಿಡಕ್ಕಿಂತ ಇದು ಬೇರೆ, ಇದರ ಗುಣ ಮತ್ತು ಬರಿಸುವುದು ಎಂಬುದು ಅವರಿಗೆ ಎದ್ದು ಕಂಡಿತ್ತು. ಇವು ಎರಡು ಜಾತಿಗಳೋ ಒಂದೇ ಜಾತಿಯ ಎರಡು ಕವಲುಗಳೋ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಬಿಯರಿಗೆ ಕಹಿ ಕೊಡುವ ಹಾಪ್ಸ್ ಬಳ್ಳಿ ಇದೇ ಕುಟುಂಬದ್ದು. ಅದರ ಹೂವಿನಲ್ಲೂ ರಾಳದ ಗ್ರಂಥಿಗಳಿವೆ.

ಹೆಣ್ಣು ಹೂವಿನ ಸುತ್ತಲಿನ ಪುಟ್ಟ ಎಲೆಯನ್ನು ಭೂತಗನ್ನಡಿಯ ಕೆಳಗಿಟ್ಟರೆ ಇಬ್ಬನಿ ಕೂತ ಹಾಗೆ ಕಾಣುತ್ತದೆ. ಇನ್ನೂ ದೊಡ್ಡದು ಮಾಡಿ ನೋಡಿದರೆ ಒಂದೊಂದು ಹನಿಯೂ ಕಾಲಿರುವ ಗಾಜಿನ ಅಣಬೆ. ತಲೆಯ ಅಗಲ ಹೆಚ್ಚುಕಡಿಮೆ ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗ. ತಲೆಯ ತಳದಲ್ಲಿ ತಟ್ಟೆಯಂತೆ ಒಂದೇ ಪದರದಲ್ಲಿ ಕೂತ ಕೆಲವೇ ಕೋಶಗಳು ರಾಳದ ಕಾರ್ಖಾನೆ. ಅವು ಸ್ರವಿಸಿದ್ದು ಮೇಲಿನ ತೆಳು ಪೊರೆಯ ಕೆಳಗೆ ತುಂಬಿಕೊಂಡು, ಪೊರೆ ಗುಳ್ಳೆಯಂತೆ ಉಬ್ಬುತ್ತದೆ. ಕಾಲಿಲ್ಲದೆ ಎಲೆಗೆ ಅಂಟಿಕೊಂಡೇ ಇರುವ ಸಣ್ಣ ಗ್ರಂಥಿಗಳೂ ಉಂಟು; ಅವುಗಳ ತಟ್ಟೆಯಲ್ಲಿ ಎಂಟು ಕೋಶಗಳಿದ್ದರೆ, ಕಾಲುಳ್ಳವುಗಳಲ್ಲಿ 12ರಿಂದ 16. ಗ್ರಂಥಿ ಎಳೆಯದಿದ್ದಾಗ ತಲೆ ತಿಳಿಯಾಗಿರುತ್ತದೆ, ಬಲಿತಂತೆ ಹಾಲಿನ ಬಣ್ಣಕ್ಕೆ ತಿರುಗುತ್ತದೆ, ಮಾಗಿದ ಮೇಲೆ ಜೇನಿನ ಬಣ್ಣ.

ಗಿಡಕ್ಕೆ ಈ ರಾಳ ಯಾತಕ್ಕೆ? ಎಲೆ ತಿನ್ನುವ ಹುಳಕ್ಕೆ ಅಂಟು ಕಾಲಿಗೆ ತೊಡಕು, ರುಚಿಗೆ ಕಹಿ. ಎಳೆ ಬೀಜ ಬೆಳೆಯುವ ಜಾಗಕ್ಕೆ ಅದು ಬೇಲಿ. ಎತ್ತರದ ಬೆಟ್ಟಗಳ ತೀಕ್ಷ್ಣ ಬಿಸಿಲಿನಲ್ಲಿರುವ ನೇರಳಾತೀತ ಕಿರಣಕ್ಕೂ, ಒಣ ಗಾಳಿಗೂ ಅದು ಹೊದಿಕೆಯಾಗಬಹುದು ಎಂಬ ಊಹೆಯಿದೆ. ಬೀಜವನ್ನು ಕಾಯಲು ಇಟ್ಟ ಕಾವಲು ಆದ್ದರಿಂದಲೇ ಅದು ಗಂಡು ಗಿಡಕ್ಕಿಂತ ಹೆಣ್ಣಿನಲ್ಲಿ, ಕೆಳಗಿನ ಎಲೆಗಿಂತ ಹೂವಿನ ತುದಿಯಲ್ಲಿ ಹೆಚ್ಚು.

ಒಂದು ಆಮ್ಲ, ಎರಡು ದಾರಿ

ರಾಳ ಹೆಚ್ಚು ಎಂದರೆ ಮತ್ತು ಹೆಚ್ಚು ಎಂದಲ್ಲ. ಗ್ರಂಥಿಗಳು ಎಷ್ಟಿವೆ, ಎಷ್ಟು ದೊಡ್ಡವು, ಒಳಗೆ ಏನಿದೆ ಎಂಬುದು ಮೂರು ಬೇರೆ ಬೇರೆ ಪ್ರಶ್ನೆಗಳು. ಮೊದಲೆರಡಕ್ಕೆ ಹಲವು ವಂಶವಾಹಿಗಳು, ಮಣ್ಣು, ಬೆಳಕು, ಹವೆ ಎಲ್ಲವೂ ಕಾರಣ. ಮೂರನೆಯದರ ಉತ್ತರ ಬಹುಮಟ್ಟಿಗೆ ಹುಟ್ಟಿನಲ್ಲೇ ಬರೆದಿರುತ್ತದೆ.

ಗ್ರಂಥಿಯ ಕೋಶಗಳು ಮೊದಲು ತಯಾರಿಸುವುದು ಸಿಬಿಜಿಎ ಎಂಬ ಆಮ್ಲವನ್ನು. ಅಲ್ಲಿಂದ ದಾರಿ ಕವಲೊಡೆಯುತ್ತದೆ. ಒಂದು ಕಿಣ್ವ ಇದ್ದರೆ ಅದು ಟಿಎಚ್‌ಸಿಎ ಆಗುತ್ತದೆ. ಇನ್ನೊಂದು ಕಿಣ್ವ ಇದ್ದರೆ ಸಿಬಿಡಿಎ. ಬಿಸಿ ತಗುಲಿದಾಗ ಮೊದಲನೆಯದು ಟಿಎಚ್‌ಸಿ ಆಗಿ ಮತ್ತು ಬರಿಸುತ್ತದೆ, ಎರಡನೆಯದು ಮತ್ತು ಬರಿಸದ ಸಿಬಿಡಿ ಆಗುತ್ತದೆ. ಹಸಿ ಹೂವನ್ನು ಹಾಗೇ ಅಗಿದರೆ ಅಷ್ಟಾಗಿ ಅಮಲೇರದಿರುವುದಕ್ಕೂ, ಭಂಗಿ ಸೊಪ್ಪನ್ನು ಬೇಯಿಸಿ ತುಪ್ಪಕ್ಕೋ ಹಾಲಿಗೋ ಹಾಕುವ ಹಳೆಯ ಪದ್ಧತಿಗೂ ಹಿಂದಿರುವ ರಸಾಯನ ಇದೇ. ರಾಳದ ಘಮ ಮಾತ್ರ ಇವೆರಡರದೂ ಅಲ್ಲ. ಅದು ನಿಂಬೆ ಸಿಪ್ಪೆ, ಮಾವು, ದೇವದಾರುಗಳಲ್ಲೂ ಇರುವ ಟರ್ಪೀನ್ ಎಂಬ ಹಗುರ ಎಣ್ಣೆಗಳದು.

2003ರಲ್ಲಿ ಸಂಶೋಧಕ ಎಟಿಯೆನ್ ದ ಮೆಯರ್ ಮತ್ತು ಸಂಗಡಿಗರು ಶುದ್ಧ ಟಿಎಚ್‌ಸಿ ಗಿಡವನ್ನೂ ಶುದ್ಧ ಸಿಬಿಡಿ ಗಿಡವನ್ನೂ ಬೆರೆಸಿ ನೋಡಿದರು. ಮೊದಲ ಪೀಳಿಗೆಯ ಮಕ್ಕಳೆಲ್ಲ ಎರಡನ್ನೂ ಒಳಗೊಂಡವು. ಅವನ್ನು ಮತ್ತೆ ತಮ್ಮೊಳಗೇ ಬೆರೆಸಿದಾಗ ಕಾಲು ಭಾಗ ಟಿಎಚ್‌ಸಿಯವು, ಅರ್ಧ ಭಾಗ ಮಿಶ್ರ, ಇನ್ನು ಕಾಲು ಭಾಗ ಸಿಬಿಡಿಯವು. ಮೆಂಡೆಲ್ ಬಟಾಣಿಯಲ್ಲಿ ಕಂಡ ನಿಯಮವೇ ಇಲ್ಲೂ ನಡೆದಿತ್ತು. ಒಂದು ಗಿಡದಲ್ಲಿ ಎರಡರ ಅನುಪಾತ ವಂಶದ್ದು, ಒಟ್ಟು ಪ್ರಮಾಣ ವಂಶ ಮತ್ತು ಪರಿಸರ ಎರಡರದ್ದೂ. 2011ರಲ್ಲಿ ಕೆನಡಾದ ವಿಜ್ಞಾನಿಗಳು ಪರ್ಪಲ್ ಕುಷ್ ಎಂಬ ರಾಳದ ತಳಿಯ ವಂಶಕೋಶವನ್ನು (ಜೀನೋಮ್) ಮೊದಲ ಬಾರಿಗೆ ಓದಿ, ನಾರಿನ ತಳಿಯ ಜೊತೆ ಹೋಲಿಸಿದರು. ರಾಳದ ತಳಿಯಲ್ಲಿ ಟಿಎಚ್‌ಸಿ ದಾರಿಯ ವಂಶವಾಹಿ ಜೋರಾಗಿ ಕೆಲಸ ಮಾಡುತ್ತಿತ್ತು. ನಾರಿನ ತಳಿಯಲ್ಲಿ ಆ ಜಾಗಕ್ಕೆ ಸಿಬಿಡಿಯದು ಬಂದಿತ್ತು.

ಈ ರಾಸಾಯನಿಕಗಳ ಗುರುತು ಸಿಕ್ಕಿದ್ದು ತಡವಾಗಿ. ಸಿಬಿಡಿಯನ್ನು 1940ರಲ್ಲಿ ಅಮೆರಿಕದ ರೋಜರ್ ಆಡಮ್ಸ್ ಬೇರ್ಪಡಿಸಿದರು. ಟಿಎಚ್‌ಸಿಯ ರಚನೆ ಬಿಡಿಸಿದ್ದು 1964ರಲ್ಲಿ, ಇಸ್ರೇಲಿನ ರೆಹೊವೊತ್‌ನಲ್ಲಿ ಯೆಹಿಯೆಲ್ ಗಾವೊನಿ ಮತ್ತು ರಾಫೆಲ್ ಮೆಕೂಲಂ. ಅದಕ್ಕೆ ಬೇಕಾದ 5 ಕಿಲೊ ಹಶೀಶನ್ನು, ಅಂದರೆ ಚರಸ್ಸನ್ನು, ಪೊಲೀಸರಿಂದ ಪಡೆದ ಮೆಕೂಲಂ ಚೀಲದಲ್ಲಿಟ್ಟುಕೊಂಡು ಬಸ್ಸಿನಲ್ಲಿ ಪ್ರಯೋಗಾಲಯಕ್ಕೆ ತಂದಿದ್ದರು. ನಮ್ಮ ಮಿದುಳೇ ತಯಾರಿಸಿಕೊಳ್ಳುವ, ಟಿಎಚ್‌ಸಿ ಕೂರುವ ಜಾಗದಲ್ಲೇ ಕೂರುವ ಒಂದು ವಸ್ತು 1992ರಲ್ಲಿ ಅವರದೇ ಪ್ರಯೋಗಾಲಯದಲ್ಲಿ ಸಿಕ್ಕಿತು. ಅದಕ್ಕೆ ಇಟ್ಟ ಹೆಸರು ಆನಂದಮೈಡ್. ಅದರಲ್ಲಿರುವುದು ಸಂಸ್ಕೃತದ ‘ಆನಂದ’ವೇ.

ಗಂಡನ್ನು ಗುರುತಿಸುವ ಪೊದ್ದಾರ

ವಂಶವಾಹಿಯ ಹೆಸರು ಗೊತ್ತಿಲ್ಲದ ಕಾಲದಲ್ಲೂ ಬೆಳೆಗಾರನಿಗೆ ಒಂದು ಸತ್ಯ ಗೊತ್ತಿತ್ತು: ಗಂಡು ಗಿಡ ಹೊಲದಲ್ಲಿದ್ದರೆ ರಾಳ ಕೆಡುತ್ತದೆ. ಗಾಂಜಾದಲ್ಲಿ ಗಂಡು, ಹೆಣ್ಣು ಬೇರೆ ಬೇರೆ ಗಿಡಗಳು, ಪರಾಗಸ್ಪರ್ಶ ಗಾಳಿಯಿಂದ. ಪರಾಗ ತಗುಲಿದ ಕೂಡಲೇ ಹೆಣ್ಣು ಗಿಡ ತನ್ನ ಶಕ್ತಿಯನ್ನು ಬೀಜಕ್ಕೆ ತಿರುಗಿಸುತ್ತದೆ. ಪರಾಗ ಸಿಗದಿದ್ದರೆ ಕಾಯುತ್ತ ಕಾಯುತ್ತ ಹೂವಿನ ಮೇಲೆ ಹೂ ಬಿಡುತ್ತದೆ, ರಾಳ ಕಟ್ಟುತ್ತಲೇ ಹೋಗುತ್ತದೆ.

ಬಂಗಾಳದ ರಾಜಶಾಹಿ ಸೀಮೆಯ ನಾವ್‌ಗಾಂವ್ ಸುತ್ತ, ಬ್ರಿಟಿಷರ ಪರವಾನಗಿಯ ಕೆಳಗೆ ಗಾಂಜಾ ಬೆಳೆಯುತ್ತಿದ್ದ ಹೊಲಗಳಲ್ಲಿ ಇದಕ್ಕೆಂದೇ ಕುಶಲಿಗಳಿದ್ದರು. ಅವರನ್ನು ಪೊದ್ದಾರ ಅಥವಾ ಪರಖ್‌ದಾರ ಎನ್ನುತ್ತಿದ್ದರು. ಇಂಗ್ಲಿಷ್ ಅಧಿಕಾರಿಗಳ ಬಾಯಲ್ಲಿ ಅವರು ‘ಗಾಂಜಾ ಡಾಕ್ಟರ್’. ಹೂ ಅರಳುವ ಮುನ್ನವೇ ಸಾಲುಗಳ ನಡುವೆ ನಡೆದು, ಗಂಡು ಗಿಡಗಳನ್ನು ಕಣ್ಣಳತೆಯಲ್ಲೇ ಗುರುತಿಸಿ ಕೀಳಿಸುವುದು ಅವರ ಕೆಲಸ. ಒಂದು ಗಂಡು ತಪ್ಪಿಸಿಕೊಂಡರೂ ಸುತ್ತಲ ಬೆಳೆಯೆಲ್ಲ ಬೀಜ ಕಟ್ಟಿಬಿಡುವ ಭಯವಿದ್ದುದರಿಂದ ಅವರ ಕಣ್ಣಿಗೆ ಬೆಲೆಯಿತ್ತು. ಅಮೆರಿಕದಲ್ಲಿ 1970ರ ದಶಕದಲ್ಲಿ ‘ಸಿನ್ಸೆಮಿಲ್ಲಾ’ ಎಂಬ ಸ್ಪ್ಯಾನಿಷ್ ಹೆಸರಿನಲ್ಲಿ ಹೆಸರಾದ ಬೀಜರಹಿತ ಗಾಂಜಾ ಬಂಗಾಳದ ಹೊಲಗಳಿಗೆ ಹೊಸದೇನಾಗಿರಲಿಲ್ಲ.

ಈ ವಿವರಗಳು ಉಳಿದಿರುವುದು ಭಾರತೀಯ ಸೆಣಬು ಮಾದಕಗಳ ಆಯೋಗದ ವರದಿಯಲ್ಲಿ. 1893ರಲ್ಲಿ ನೇಮಕಗೊಂಡ ಏಳು ಸದಸ್ಯರ ಆ ಆಯೋಗ 1,193 ಸಾಕ್ಷಿಗಳನ್ನು ವಿಚಾರಿಸಿತು. ಮಿತವಾದ ಬಳಕೆಯಿಂದ ಹಾನಿ ಕಡಿಮೆ, ಸಂಪೂರ್ಣ ನಿಷೇಧಕ್ಕಿಂತ ತೆರಿಗೆ ಮತ್ತು ನಿಯಂತ್ರಣ ಲೇಸು ಎಂಬುದು 1894ರ ವರದಿಯ ತೀರ್ಮಾನ. ಆಗ ದೆಹಲಿ ಪಂಜಾಬ್ ಪ್ರಾಂತ್ಯಕ್ಕೆ ಸೇರಿದ್ದ ಊರು. ಪಂಜಾಬಿನ ಚರಸ್‌ನ ಬಹುಪಾಲು ಬರುತ್ತಿದ್ದುದು ಮಧ್ಯ ಏಷ್ಯಾದ ಯಾರ್ಕಂದಿನಿಂದ. ಕಾರಕೋರಂ ಕಣಿವೆ ದಾಟಿ, ಲೇಹ್ ಹಾದು, ಹೇರುಕುದುರೆಗಳ ಮೇಲೆ ಆ ಮಾಲು ಇಳಿಯುತ್ತಿತ್ತು.

ಎರಡು ಬಗೆಯ ಚರಸ್‌ಗೂ ಗಿಡದ ಗುಣಕ್ಕೂ ನಂಟಿದೆ. ಯಾರ್ಕಂದ್, ಅಫ್ಘಾನಿಸ್ತಾನಗಳ ಒಣ ಹವೆಯಲ್ಲಿ ಗಿಡವನ್ನು ಒಣಗಿಸಿ ಜರಡಿ ಹಿಡಿಯುತ್ತಿದ್ದರು. ಗ್ರಂಥಿಗಳು ಪುಡಿಯಾಗಿ ಉದುರುತ್ತಿದ್ದವು. ಸುಲಭವಾಗಿ ಉದುರುವ ಒಣ ಗ್ರಂಥಿಯ ಗಿಡವನ್ನೇ ತಲೆಮಾರುಗಳಿಂದ ಆರಿಸಿದ್ದರಿಂದ ಅಲ್ಲಿನ ತಳಿ ಗಿಡ್ಡ, ಎಲೆ ಅಗಲ, ರಾಳ ದಟ್ಟ. ಹಿಮಾಚಲದ ಮಲಾಣಾದಂಥ ಹಳ್ಳಿಗಳಲ್ಲಿ ಹಸಿ ಹೂವನ್ನೇ ಅಂಗೈಗಳ ನಡುವೆ ಉಜ್ಜುತ್ತಾರೆ. ಕೈಗೆ ಕಪ್ಪಗೆ ಮೆತ್ತಿದ ಅಂಟನ್ನು ಕೆರೆದು ಉಂಡೆ ಮಾಡುತ್ತಾರೆ. ಅಲ್ಲಿ ಬೇಕಾದದ್ದು ಕೈಗೆ ಹತ್ತುವ ಒದ್ದೆ ರಾಳ. ಕೈಯ ಕೆಲಸ ಬೇರೆಯಾದಂತೆ ತಳಿಯೂ ಬೇರೆಯಾಯಿತು.

ಬೆಟ್ಟದಿಂದ ಗಾಜಿನ ಮನೆಗೆ

ರಾಳಕ್ಕಾಗಿ ಆಯ್ಕೆ ನಡೆದ ಕುರುಹು ಇನ್ನೂ ಹಳೆಯದು. ಪಾಮಿರ್ ಪರ್ವತದ ಜಿರ್ಜಂಕಲ್ ಸ್ಮಶಾನದಲ್ಲಿ ಸಿಕ್ಕ, ಸುಮಾರು 2,500 ವರ್ಷ ಹಿಂದಿನ ಮರದ ಧೂಪಪಾತ್ರೆಗಳಲ್ಲಿ ಸುಟ್ಟ ಗಾಂಜಾದ ಶೇಷವಿತ್ತು. ಕಾಡು ಗಿಡದಲ್ಲಿ ಸಾಮಾನ್ಯವಾಗಿ ಇರುವುದಕ್ಕಿಂತ ಹೆಚ್ಚು ಟಿಎಚ್‌ಸಿಯ ಗುರುತು ಅದರಲ್ಲಿತ್ತು ಎಂದು 2019ರ ಅಧ್ಯಯನ ತೋರಿಸಿತು. 2021ರಲ್ಲಿ 110 ಗಿಡಗಳ ವಂಶಕೋಶ ಹೋಲಿಸಿದ ಇನ್ನೊಂದು ಅಧ್ಯಯನದ ಪ್ರಕಾರ, ಪೂರ್ವ ಏಷ್ಯಾದಲ್ಲಿ ಸುಮಾರು 12,000 ವರ್ಷಗಳ ಹಿಂದೆ ಮನುಷ್ಯನ ಕೈ ಸೇರಿದ ಗಿಡ, ಬಹಳ ಕಾಲದ ನಂತರ ನಾರಿನ ತಳಿ ಮತ್ತು ರಾಳದ ತಳಿಯಾಗಿ ಕವಲೊಡೆಯಿತು.

ವೇಗ ಬಂದದ್ದು 1960-70ರ ದಶಕಗಳಲ್ಲಿ. ಅಫ್ಘಾನಿಸ್ತಾನ, ಭಾರತ, ನೇಪಾಳಗಳಿಗೆ ಬಂದ ಪಾಶ್ಚಾತ್ಯ ಪ್ರವಾಸಿಗರು ಬೀಜ ಒಯ್ದರು. ಹಿಂದೂಕುಷ್‌ನ ಗಿಡ್ಡ ಗಿಡವನ್ನು ಮೆಕ್ಸಿಕೊ, ಕೊಲಂಬಿಯಾಗಳ ಎತ್ತರದ ಗಿಡಗಳ ಜೊತೆ ಕ್ಯಾಲಿಫೋರ್ನಿಯಾದಲ್ಲಿ ಬೆರೆಸಿದರು. ಆ ಸಂಕರ ತಳಿಗಳು ನೆದರ್ಲೆಂಡ್ಸಿಗೆ ಹೋಗಿ ಬೀಜದ ವ್ಯಾಪಾರವಾಯಿತು. ಕುಷ್ ಎಂಬ ಹೆಸರು ಹೊತ್ತ ತಳಿಗಳು ಇಂದಿಗೂ ಹಳೆಯ ಬೆಟ್ಟದ ನೆನಪು. ಮಾರುಕಟ್ಟೆಗೆ ಬೇಕಾದದ್ದು ಒಂದೇ, ಟಿಎಚ್‌ಸಿ. ಆಯ್ಕೆ ಪೂರ್ತಿ ಅತ್ತಲೇ ವಾಲಿತು. ಅಮೆರಿಕದಲ್ಲಿ ವಶಪಡಿಸಿಕೊಂಡ ಗಾಂಜಾದ ಸರಾಸರಿ ಟಿಎಚ್‌ಸಿ 1995ರಲ್ಲಿ ಸುಮಾರು ಶೇ 4 ಇದ್ದದ್ದು 2014ಕ್ಕೆ ಶೇ 12ರ ಹತ್ತಿರಕ್ಕೆ ಏರಿತ್ತು. ಅದೇ ಅವಧಿಯಲ್ಲಿ ಸಿಬಿಡಿಯ ಪಾಲು ಇಳಿಯಿತು. ಒಂದೇ ಆಮ್ಲಕ್ಕೆ ಎರಡು ದಾರಿ ಪೈಪೋಟಿ ಮಾಡುವಾಗ ಒಂದನ್ನು ಹಿಗ್ಗಿಸಿದರೆ ಇನ್ನೊಂದು ಬತ್ತುವುದು ಸಹಜ.

ಇದರ ಬೆಲೆ ಬಳಸುವವರ ಮಿದುಳಿನ ಮೇಲೆ ಬೀಳುತ್ತದೆ. ಯುರೋಪ್ ಮತ್ತು ಬ್ರೆಜಿಲ್‌ನ 11 ಕಡೆ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಟಿಎಚ್‌ಸಿ ಶೇ 10ಕ್ಕಿಂತ ಕಡಿಮೆಯಿಲ್ಲದ ಗಾಂಜಾವನ್ನು ದಿನನಿತ್ಯ ಬಳಸುವವರಲ್ಲಿ ಮನೋವಿಕಾರ ಕಾಣಿಸಿಕೊಳ್ಳುವ ಸಂಭವ, ಎಂದೂ ಬಳಸದವರಿಗಿಂತ ಹೆಚ್ಚುಕಡಿಮೆ ಐದು ಪಟ್ಟು ಹೆಚ್ಚಿತ್ತು. ಭಾರತದಲ್ಲಿ ಬಳಸುವವರ ಲೆಕ್ಕ ಬಂದದ್ದು ರಾಜಧಾನಿ ಪ್ರದೇಶದಿಂದಲೇ. ಗಾಜಿಯಾಬಾದ್‌ನಲ್ಲಿರುವ ಏಮ್ಸ್‌ನ ರಾಷ್ಟ್ರೀಯ ಮಾದಕ ವ್ಯಸನ ಚಿಕಿತ್ಸಾ ಕೇಂದ್ರದ ನೇತೃತ್ವದಲ್ಲಿ ನಡೆದು 2019ರಲ್ಲಿ ಹೊರಬಂದ ಸಮೀಕ್ಷೆ, ಹಿಂದಿನ ಒಂದು ವರ್ಷದಲ್ಲಿ ದೇಶದ 3.1 ಕೋಟಿ ಜನ ಈ ಗಿಡದ ಯಾವುದಾದರೊಂದು ಪದಾರ್ಥ ಬಳಸಿದ್ದರು ಎಂದು ಅಂದಾಜಿಸಿತು. ಅವರಲ್ಲಿ ಸುಮಾರು 2.2 ಕೋಟಿ ಜನ ಭಂಗಿ ಬಳಸಿದವರು, 1.3 ಕೋಟಿ ಜನ ಗಾಂಜಾ ಅಥವಾ ಚರಸ್ ಬಳಸಿದವರು. ಎರಡೂ ಬಳಸಿದವರು ಎರಡೂ ಕಡೆ ಲೆಕ್ಕಕ್ಕೆ ಬರುತ್ತಾರೆ.

ರಾಳದ ತಳಿಯ ವಿದ್ಯೆ ಔಷಧದ ಕಡೆಗೂ ತಿರುಗಿದೆ. ಗ್ರಂಥಿಗಳು ದಟ್ಟವಾಗಿರಬೇಕು, ಆದರೆ ಒಳಗೆ ಟಿಎಚ್‌ಸಿ ಬದಲು ಸಿಬಿಡಿ ತುಂಬಿರಬೇಕು ಎಂಬ ಗುರಿಯಿಟ್ಟು ಬ್ರಿಟನ್ನಿನ ಗಾಜಿನ ಮನೆಗಳಲ್ಲಿ ಬೆಳೆಸಿದ ಗಿಡದಿಂದ ಎಪಿಡಿಯೊಲೆಕ್ಸ್ ಎಂಬ ಔಷಧ ಬಂತು. ಮಕ್ಕಳ ಎರಡು ಉಗ್ರ ಬಗೆಯ ಅಪಸ್ಮಾರಕ್ಕೆ ಅಮೆರಿಕ 2018ರಲ್ಲಿ ಅದನ್ನು ಒಪ್ಪಿತು. ನಮ್ಮಲ್ಲಿ ಸಿಎಸ್‌ಐಆರ್‌ನ ಜಮ್ಮುವಿನ ಸಂಸ್ಥೆ ಕೆನಡಾದ ಕಂಪನಿಯೊಂದರ ಜೊತೆಗೂಡಿ, ಔಷಧಕ್ಕಾಗಿ ಗಾಂಜಾ ಬೆಳೆಸುವ ಸಂಶೋಧನೆಯನ್ನು ಚಠಾದ ತನ್ನ ಹೊಲದಲ್ಲಿ ನಡೆಸುತ್ತಿದೆ.

ಶೇ 0.3 ಎಂಬ ಗೆರೆ

ನಾರಿನ ಗಿಡ ಯಾವುದು, ಮತ್ತಿನ ಗಿಡ ಯಾವುದು ಎಂದು ಹೇಳಲು ಜಗತ್ತಿನ ಹಲವು ದೇಶಗಳು ಬಳಸುವ ಅಳತೆಗೋಲು ಟಿಎಚ್‌ಸಿ ಶೇ 0.3. ಅದು ಬಂದದ್ದು ಸಸ್ಯವರ್ಗೀಕರಣದ ಒಂದು ಲೇಖನದಿಂದ. ಕೆನಡಾದ ಅರ್ನೆಸ್ಟ್ ಸ್ಮಾಲ್, ಅಮೆರಿಕದ ಆರ್ಥರ್ ಕ್ರಾಂಕ್ವಿಸ್ಟ್ ಜೊತೆ 1976ರಲ್ಲಿ, ಗಿಡಗಳನ್ನು ಎರಡು ಉಪಜಾತಿಗಳಾಗಿ ಬೇರ್ಪಡಿಸಲು ಆ ಗೆರೆ ಎಳೆದರು. ಅದು ಅನುಕೂಲಕ್ಕೆ ಎಳೆದ ಗೆರೆ, ನಿಸರ್ಗ ಎಳೆದದ್ದಲ್ಲ ಎಂದು ಅವರೇ ಒಪ್ಪಿದ್ದರು. ಆಮೇಲೆ ಅದೇ ಅಂಕಿ ದೇಶದೇಶಗಳ ಕಾನೂನಿಗೆ ಹೋಗಿ ಕೂತಿತು. 2018ರಲ್ಲಿ ನಾರಿನ ಗಾಂಜಾ ಬೆಳೆಗೆ ಪರವಾನಗಿ ಕೊಟ್ಟ ಉತ್ತರಾಖಂಡವೂ ಶೇ 0.3ರ ಮಿತಿಯನ್ನೇ ಇಟ್ಟಿತು. ಹಿಮಾಲಯದ ನಾಟಿ ಗಿಡಗಳು ಸಾಮಾನ್ಯವಾಗಿ ಆ ಮಿತಿಗಿಂತ ಮೇಲೆ. ಹೊಲದಲ್ಲಿ ಕಡಿಮೆ ಟಿಎಚ್‌ಸಿ ತಳಿ ಬಿತ್ತಿದರೂ ಬೆಟ್ಟದ ಕಳೆಯ ಪರಾಗ ಗಾಳಿಯಲ್ಲಿ ಬಂದು ಬೆರೆಯುತ್ತದೆ. ಮುಂದಿನ ಪೀಳಿಗೆಯ ಬೀಜದಲ್ಲಿ ಹಳೆಯ ಗುಣ ತಲೆಯೆತ್ತುತ್ತದೆ.

ದೇಶದ ಕಾಯ್ದೆ ಮಾತ್ರ ಶೇಕಡಾವಾರು ಲೆಕ್ಕ ಹಾಕುವುದಿಲ್ಲ. 1985ರ ನವೆಂಬರ್ 14ರಂದು ಜಾರಿಗೆ ಬಂದ, ಮಾದಕ ವಸ್ತುಗಳನ್ನು ನಿಯಂತ್ರಿಸುವ ಎನ್‌ಡಿಪಿಎಸ್ ಕಾಯ್ದೆ ನೋಡುವುದು ಗಿಡದ ಭಾಗವನ್ನು. ಬೇರ್ಪಡಿಸಿದ ರಾಳ ಚರಸ್. ಹೂ ಅಥವಾ ಕಾಯಿ ಬಿಟ್ಟ ತುದಿ ಗಾಂಜಾ. ತುದಿಯಿಲ್ಲದೆ ಬಿಡಿಯಾಗಿ ಬಂದ ಎಲೆ ಮತ್ತು ಬೀಜ ಈ ವ್ಯಾಖ್ಯೆಯ ಹೊರಗೆ. 1961ರ ವಿಶ್ವಸಂಸ್ಥೆ ಒಪ್ಪಂದದಲ್ಲೂ ಎಲೆ ಹೀಗೆಯೇ ಹೊರಗುಳಿದಿತ್ತು. ಹೋಳಿ, ಶಿವರಾತ್ರಿಗಳ ಭಂಗಿ ಉಳಿದದ್ದು ಈ ಸಂದಿನಲ್ಲಿ. ಅದರ ಮೇಲಿನ ಹಿಡಿತ ರಾಜ್ಯಗಳ ಅಬಕಾರಿ ಕಾನೂನುಗಳದು. ರಾಳ ಹೆಚ್ಚಿದಷ್ಟೂ ಕಾಯ್ದೆ ಬಿಗಿ: ಗಾಂಜಾದಲ್ಲಿ 1 ಕಿಲೊವರೆಗೆ ಸಣ್ಣ ಪ್ರಮಾಣ, 20 ಕಿಲೊ ದಾಟಿದರೆ ವಾಣಿಜ್ಯ ಪ್ರಮಾಣ. ಚರಸ್‌ನಲ್ಲಿ ಸಣ್ಣದು 100 ಗ್ರಾಂವರೆಗೆ, ವಾಣಿಜ್ಯ ಪ್ರಮಾಣ 1 ಕಿಲೊ ದಾಟಿದರೆ. ವಾಣಿಜ್ಯ ಪ್ರಮಾಣಕ್ಕೆ 10ರಿಂದ 20 ವರ್ಷ ಕಠಿಣ ಸಜೆ. ಪರವಾನಗಿಯಿಲ್ಲದೆ ಗಿಡ ಬೆಳೆಸಿದರೆ, ಕುಂಡದಲ್ಲಾದರೂ ಸರಿ, ಹತ್ತು ವರ್ಷಗಳವರೆಗೆ ಕಠಿಣ ಸಜೆ ಮತ್ತು ಒಂದು ಲಕ್ಷ ರೂಪಾಯಿವರೆಗೆ ದಂಡ. ಗ್ರೇಟರ್ ನೊಯ್ಡಾದ ಫ್ಲ್ಯಾಟಿಗೂ ನಿವೇಶನದ ಕಳೆಗೂ ಕಾನೂನಿನಲ್ಲಿರುವ ವ್ಯತ್ಯಾಸ ಇಷ್ಟೇ: ಒಂದನ್ನು ಯಾರೋ ಬೆಳೆಸಿದ್ದಾರೆ, ಇನ್ನೊಂದು ತಾನಾಗಿ ಬೆಳೆದಿದೆ.

ವಶಪಡಿಸಿಕೊಂಡದ್ದು ಗಾಂಜಾವೇ ಹೌದೆಂದು ಹೇಳುವ ಕೆಲಸ ಪ್ರಯೋಗಾಲಯದ್ದು. ದೆಹಲಿಯ ಪೂಸಾದಲ್ಲಿರುವ ಕೇಂದ್ರ ಕಂದಾಯ ನಿಯಂತ್ರಣ ಪ್ರಯೋಗಾಲಯ ಇಂಥ ಪರೀಕ್ಷೆಯ ಮುಖ್ಯ ಕೇಂದ್ರಗಳಲ್ಲೊಂದು. ಬಹುತೇಕ ಮಾದಕಗಳಿಗೆ 5 ಗ್ರಾಂ ಮಾದರಿ ಸಾಕು. ಅಫೀಮು, ಗಾಂಜಾ, ಚರಸ್‌ಗೆ 24 ಗ್ರಾಂ ತೆಗೆಯಬೇಕು. ಸೂಕ್ಷ್ಮದರ್ಶಕದ ಕೆಳಗೆ ಮೊದಲು ಹುಡುಕುವುದು ರೋಮಗಳನ್ನು. ಎಲೆಯ ಮೇಲ್ಭಾಗದಲ್ಲಿ ಕರಡಿಯ ಉಗುರಿನಂತೆ ಬಾಗಿದ ಗಿಡ್ಡ ರೋಮಗಳಿರುತ್ತವೆ, ಅವುಗಳ ಬುಡದಲ್ಲಿ ಸುಣ್ಣದ ಹರಳು. ತೆಳು ಹೈಡ್ರೋಕ್ಲೋರಿಕ್ ಆಮ್ಲದ ಒಂದು ಹನಿ ಬಿಟ್ಟರೆ ಅದು ಬುಸ್ಸೆಂದು ಗುಳ್ಳೆಯೇಳುತ್ತದೆ. ಅದರ ಜೊತೆ ರಾಳದ ಗ್ರಂಥಿಗಳೂ ಕಂಡರೆ ಗುರುತು ಬಹುತೇಕ ಖಚಿತ. ಬಣ್ಣದ ಪರೀಕ್ಷೆ, ವರ್ಣರೇಖನ ಆಮೇಲಿನ ಹಂತ.

ಕಾನೂನಿನ ಗೆರೆ ಎಲ್ಲಿರಬೇಕು ಎಂಬ ವಾದವೂ ದೆಹಲಿಯಲ್ಲೇ ನಡೆದಿದೆ. ಗಾಂಜಾ ನಿಷೇಧವನ್ನು ಪ್ರಶ್ನಿಸಿದ ಅರ್ಜಿ 2019ರಲ್ಲಿ ದೆಹಲಿ ಹೈಕೋರ್ಟಿಗೆ ಬಂತು. ಕಾಯ್ದೆ ಸಂಪೂರ್ಣ ನಿಷೇಧ ಹೇರಿಲ್ಲ, ವೈದ್ಯಕೀಯ, ವೈಜ್ಞಾನಿಕ, ಕೈಗಾರಿಕಾ ಉದ್ದೇಶಕ್ಕೆ ರಾಜ್ಯಗಳು ಅನುಮತಿ ಕೊಡಬಹುದು ಎಂಬುದು ಕೇಂದ್ರದ ಉತ್ತರ. 2020ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆಯ ಮಾದಕ ವಸ್ತು ಆಯೋಗ ಗಾಂಜಾವನ್ನು 1961ರ ಒಪ್ಪಂದದ ಅತಿ ಕಟ್ಟುನಿಟ್ಟಿನ ನಾಲ್ಕನೇ ಪಟ್ಟಿಯಿಂದ ತೆಗೆದಾಗ 27 ದೇಶಗಳು ಪರ, 25 ವಿರುದ್ಧ. ಭಾರತ ಪರವಾಗಿ ಮತ ಹಾಕಿತು. 2021ರಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಗಾಂಜಾ ಬೀಜ ಮತ್ತು ಬೀಜದ ಎಣ್ಣೆಯನ್ನು ಆಹಾರವೆಂದು ಒಪ್ಪಿತು. ಬೀಜದಲ್ಲಿ ರಾಳದ ಗ್ರಂಥಿಗಳಿಲ್ಲ. ಸಿಪ್ಪೆಗೆ ಹತ್ತಿಕೊಂಡು ಬಂದ ಅಂಟಷ್ಟೇ ಅದರಲ್ಲಿರಬಹುದು. ಆದ್ದರಿಂದ ಮಿತಿಯನ್ನೂ ಮಿಲಿಗ್ರಾಂನಲ್ಲೇ ಇಟ್ಟಿದೆ: ಒಂದು ಕಿಲೊ ಬೀಜಕ್ಕೆ 5 ಮಿಲಿಗ್ರಾಂ, ಒಂದು ಕಿಲೊ ಎಣ್ಣೆಗೆ 10 ಮಿಲಿಗ್ರಾಂ ಟಿಎಚ್‌ಸಿ.